ಎಂಜಿನ್ ಸಾಲದೋ, ಹೊರೆ ಹೆಚ್ಚೋ?



ಈ ಸಲದ ಬರಹ ಎಂಜಿನ್ನಿನ ವಿಷಯವಾಗಿದೆ. ವಿಜ್ಞಾನದ ಪಾಠ ಹೇಳಿ ನಿವೃತ್ತನಾದ ಮೇಷ್ಟ್ರಿಗೆ ಗ್ಯಾರೇಜಿನ ಉಸಾಬರಿ ಏಕೆ ಎಂದು ಕೆಲವರಾದರೂ ನಗಬಹುದು. ಆದರೆ ನನ್ನ ಬಳಿ ಓದಿದವರಲ್ಲಿ ವಿದೇಶಕ್ಕೆ ಹೋದವರು ಕೆಲವರಾದರೆ, ಯಲಹಂಕ, ಹೆಬ್ಬಾಳ, ಯಶವಂತಪುರಗಳ ರಸ್ತೆಗಳಲ್ಲಿ ಸ್ಟೇರಿಂಗ್ ಹಿಡಿದು ಸಂಸಾರ ಸಾಕಿದವರು ಹಲವರು. ಸ್ಪ್ಯಾನರ್ ಹಿಡಿದವರೂ ಕಡಿಮೆಯಿಲ್ಲ. ಮೇಷ್ಟ್ರಿಗೆ ಎಲ್ಲ ಶಿಷ್ಯರೂ ಒಂದೇ. ಆದುದರಿಂದ ಇದು ನನ್ನ ವಿಷಯವೂ ಹೌದು.

ಅವರಲ್ಲೊಬ್ಬ ರಾಜಾನುಕುಂಟೆಯ ಕಡೆಯವನು. ಯಶವಂತಪುರದ ಎ.ಪಿ.ಎಂ.ಸಿ. ಯಾರ್ಡಿನಿಂದ ಈರುಳ್ಳಿ, ಆಲೂಗಡ್ಡೆ, ಅಕ್ಕಿಯ ಮೂಟೆಗಳನ್ನು ಯಲಹಂಕ, ದೊಡ್ಡಬಳ್ಳಾಪುರದ ಅಂಗಡಿಗಳಿಗೆ ಸಾಗಿಸುವುದು ಅವನ ಕಸುಬು. ಅವನಲ್ಲಿರುವುದು ಎರಡು ಲೀಟರಿಗೂ ತುಸು ಕಡಿಮೆ ಗಾತ್ರದ ಎಂಜಿನ್ನಿನ ಹಳೆಯ ಟಾಟಾ ಪಿಕಪ್. ಮೊನ್ನೆ ಫೋನ್ ಮಾಡಿ, "ಸಾರ್, ಗಾಡಿ ಏರಿನಲ್ಲಿ ಎಳೆಯೋದಿಲ್ಲ. ಗುಜರಿಯಲ್ಲಿ 407ರ ಎಂಜಿನ್ ಸಿಕ್ಕಿದೆ. ಅದನ್ನೇ ಕೂರಿಸಿಬಿಡೋಣ ಅಂತಿದ್ದೀನಿ. ನೀವೇನು ಹೇಳ್ತೀರಿ?" ಎಂದ. ಅವನಿಗೆ ಫೋನಿನಲ್ಲಿ ಎರಡು ಮಾತು ಹೇಳಿದೆ. ಆದರೆ ಇದೇ ಯೋಚನೆಯಲ್ಲಿರುವವರು ಅವನೊಬ್ಬನೇ ಅಲ್ಲವೆಂದು ತಿಳಿದುದರಿಂದ ಉಳಿದ ಮಾತನ್ನು ಎಲ್ಲರಿಗೂ ಕೇಳಿಸುವಂತೆ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಹಳೆಯ ಪಿಕಪ್ಪಿಗೆ ಹೆಚ್ಚು ಬಲದ ಎಂಜಿನ್ ಕೂರಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಜ್ವರ ಬಂದಿರುವುದು ನಮ್ಮ ಸಾಗಣೆಯ ವ್ಯಾಪಾರಕ್ಕೆ. ಬರೆ ಬೀಳುತ್ತಿರುವುದು ಗಾಡಿಗೆ, ಗಾಡಿಯವನಿಗೆ, ಮತ್ತು ಆ ಗಾಡಿಯ ಎದುರು ರಸ್ತೆ ದಾಟುವ ಮಕ್ಕಳಿಗೆ.

ಎಂಜಿನ್ ಬದಲಿಸುವುದೇ ಪಾಪವೆಂದು ನಾನು ಹೇಳುತ್ತಿಲ್ಲ. ನಮ್ಮ ಮೆಕ್ಯಾನಿಕ್ಕುಗಳ ಕೈಚಳಕದ ಮೇಲೆ ನನಗಿರುವ ಗೌರವ ಸಣ್ಣದಲ್ಲ. ಹಿರಿಯರಿಗೆ ನೆನಪಿರಬಹುದು: 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳಿಗೂ ಇಸ್ರೇಲಿಗೂ ಯುದ್ಧವಾಯಿತು. ಆಮೇಲೆ ಕೆಲವೇ ತಿಂಗಳಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಅಂದು ನಮ್ಮ ರಸ್ತೆಗಳಲ್ಲಿ ಓಡುತ್ತಿದ್ದ ಮಹೀಂದ್ರಾ ಜೀಪುಗಳಲ್ಲಿ ಇದ್ದದ್ದು ವಿಲ್ಲೀಸ್ ವಿನ್ಯಾಸದ 2.2 ಲೀಟರಿನ ಹರಿಕೇನ್ ಪೆಟ್ರೋಲ್ ಎಂಜಿನ್. ಅದು ಬಲವಾದದ್ದು, ಆದರೆ ಪೆಟ್ರೋಲು ಕುಡಿಯುವುದರಲ್ಲಿ ಅಗಸ್ತ್ಯ. ಅಂಬಾಸಿಡರ್ ಟ್ಯಾಕ್ಸಿಗಳ ಪಾಡೂ ಅದೇ ಆಗಿತ್ತು. ಆ ವಾಹನಗಳನ್ನು ನಂಬಿದ್ದ ಮಾಲೀಕರು ಗಾಡಿಯನ್ನು ಮಾರಲಾರದೆ, ಓಡಿಸಲೂ ಆಗದೆ ಕುಳಿತಾಗ ಅವರನ್ನು ಉಳಿಸಿದವರು ಗ್ಯಾರೇಜಿನವರೇ. ಪೆಟ್ರೋಲ್ ಎಂಜಿನ್ನನ್ನು ಇಳಿಸಿ, ಡೀಸೆಲ್ ಎಂಜಿನ್ನನ್ನು ಹೊಂದಿಸಿ, ಲೇತಿನಲ್ಲಿ ಕಡೆದ ತಟ್ಟೆಯೊಂದರಿಂದ ಅದನ್ನು ಹಳೆಯ ಗೇರ್‌ಬಾಕ್ಸಿಗೆ ಬೆಸೆದು ಕೊಟ್ಟರು. ಮಹೀಂದ್ರಾ ಸಂಸ್ಥೆಯೇ ಮುಂದೆ ಟ್ರ್ಯಾಕ್ಟರ್ ಮೂಲದ ಡೀಸೆಲ್ ಎಂಜಿನ್ನನ್ನೂ, ಆಮೇಲೆ ಫ್ರಾನ್ಸಿನ ಪ್ಯೂಜೊ ಸಂಸ್ಥೆಯ ವಿನ್ಯಾಸದ್ದನ್ನೂ ತನ್ನ ಜೀಪುಗಳಲ್ಲಿ ಕೂರಿಸಿತು. ಕಾರ್ಖಾನೆ ಮಾಡಿದ್ದನ್ನು ಬೀದಿಯ ಗ್ಯಾರೇಜೂ ಮಾಡಿತು.

ಆದರೆ ಆ ಬದಲಾವಣೆಯ ಸ್ವರೂಪವನ್ನು ಗಮನಿಸಬೇಕು. ಅಂದಿನ ಡೀಸೆಲ್ ಎಂಜಿನ್ ನಿಧಾನವಾಗಿ ತಿರುಗುವಂಥದು. ಅದನ್ನು ಕೂರಿಸಿಕೊಂಡ ಜೀಪಿನ ವೇಗ ಕಡಿಮೆಯಾಯಿತೇ ಹೊರತು ಹೆಚ್ಚಲಿಲ್ಲ. ಮಾಲೀಕನು ವೇಗವನ್ನು ಬಿಟ್ಟುಕೊಟ್ಟು ಉಳಿತಾಯವನ್ನು ಪಡೆದನು. ಗಾಡಿಯ ಬ್ರೇಕಿಗೂ ಚಾಸಿಗೂ ಮೊದಲಿದ್ದುದಕ್ಕಿಂತ ಹೆಚ್ಚಿನ ವೇಗದ ಪರೀಕ್ಷೆ ಎದುರಾಗಲಿಲ್ಲ. ಇಂದು ನನ್ನ ಶಿಷ್ಯ ಕೇಳುತ್ತಿರುವುದು ಅದರ ತದ್ವಿರುದ್ಧವಾದದ್ದನ್ನು. ಅವನಿಗೆ ಬೇಕಿರುವುದು ಇನ್ನಷ್ಟು ಎಳೆತ, ಇನ್ನಷ್ಟು ಹೊರೆ, ಇನ್ನಷ್ಟು ವೇಗ. ಎರಡಕ್ಕೂ 'ಎಂಜಿನ್ ಬದಲಾವಣೆ' ಎಂಬ ಒಂದೇ ಹೆಸರಿದೆ ಎಂದ ಮಾತ್ರಕ್ಕೆ ಎರಡೂ ಒಂದೇ ಆಗುವುದಿಲ್ಲ. "ನಮ್ಮ ತಾತ ಜೀಪಿಗೆ ಎಂಜಿನ್ ಹಾಕಿಸಿರಲಿಲ್ಲವೇ?" ಎಂದು ವಾದಿಸುವವರು ಈ ವ್ಯತ್ಯಾಸವನ್ನು ಮರೆಯುತ್ತಾರೆ.

ಈಗ ಲೆಕ್ಕಕ್ಕೆ ಬರೋಣ. ನನ್ನ ತರಗತಿಯಲ್ಲಿ ಕೂತವರಿಗೆ ಲೆಕ್ಕ ಹೊಸದಲ್ಲ. ಗಾಡಿಯ ಸ್ವಂತ ತೂಕ ಒಂದೂವರೆ ಟನ್, ನೋಂದಣಿಯಲ್ಲಿ ಒಪ್ಪಿರುವ ಹೊರೆ ಒಂದು ಟನ್, ಒಟ್ಟು ಎರಡೂವರೆ ಟನ್ ಎಂದು ಇಟ್ಟುಕೊಳ್ಳಿ. ನೂರಡಿ ದೂರಕ್ಕೆ ಐದಡಿ ಏರುವ ರಸ್ತೆಯಲ್ಲಿ ಅದು ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗಬೇಕು. ಭೂಮಿಯ ಸೆಳೆತದ ವಿರುದ್ಧ ಅಷ್ಟು ತೂಕವನ್ನು ಎತ್ತುವುದಕ್ಕೆ ಬೇಕಾದದ್ದು ಸುಮಾರು 18 ಅಶ್ವಶಕ್ತಿ. ಟಯರುಗಳ ಉರುಳುವಿಕೆಯ ತಡೆ, ಗಾಳಿಯ ತಡೆ, ಗೇರಿನಲ್ಲೂ ಹಿಂದಿನ ಹೌಸಿಂಗಿನಲ್ಲೂ ಆಗುವ ನಷ್ಟ ಎಲ್ಲವನ್ನೂ ಸೇರಿಸಿದರೂ ಎಂಜಿನ್ 30 ಅಶ್ವಶಕ್ತಿ ಕೊಟ್ಟರೆ ಸಾಕು. ಅಂಥ ಪಿಕಪ್ಪಿನ ಎಂಜಿನ್ ಹೊಸದಾಗಿದ್ದಾಗ ಕೊಡುತ್ತಿದ್ದದ್ದು 60ಕ್ಕೂ ಮಿಗಿಲು. ಅರ್ಧ ಬಲ ಮಿಕ್ಕಿರುತ್ತದೆ.

ಹಾಗಾದರೆ ಗಾಡಿ ಏಕೆ ಎಳೆಯುವುದಿಲ್ಲ? ಎರಡೇ ಕಾರಣಗಳು. ಮೊದಲನೆಯದು ಎಂಜಿನ್ ಸವೆದಿದೆ. ರಿಂಗು, ಲೈನರ್ ಸವೆದು ಕಂಪ್ರೆಶನ್ ಸೋರುತ್ತಿರುತ್ತದೆ. ನಾಝಲ್ ಸರಿಯಾಗಿ ಸಿಂಪಡಿಸುತ್ತಿರುವುದಿಲ್ಲ. ಡೀಸೆಲ್ ಪಂಪನ್ನು ಅಳತೆಗೆ ತಂದು ಎಷ್ಟೋ ವರ್ಷಗಳಾಗಿರುತ್ತವೆ. ಏರ್ ಫಿಲ್ಟರ್ ಧೂಳು ತಿಂದು ಕಟ್ಟಿಕೊಂಡಿರುತ್ತದೆ, ಕ್ಲಚ್ ಪ್ಲೇಟ್ ಜಾರುತ್ತಿರುತ್ತದೆ. ಇವನ್ನೆಲ್ಲ ಸರಿಪಡಿಸುವುದು ಎಂಜಿನ್ನಿಗೆ ಅದರ ಸ್ವಂತ ಬಲವನ್ನು ಹಿಂದಿರುಗಿಸುವ ಕೆಲಸ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಪೀಣ್ಯದ ಕಡೆ ಅದಕ್ಕೆ ಬೇಕಾದ ಲೇತೂ ಇದೆ, ಕೈಯೂ ಇದೆ.

ಎರಡನೆಯ ಕಾರಣವೇ ನಿಜವಾದದ್ದು. ಗಾಡಿಯ ಮೇಲಿರುವುದು ಒಂದು ಟನ್ನಲ್ಲ, ಎರಡೂವರೆ ಟನ್. ಒಟ್ಟು ತೂಕ ನಾಲ್ಕು ಟನ್ ಆಯಿತು. ಅದೇ ಏರು, ಅದೇ ವೇಗ. ಈಗ ಬೇಕಾದದ್ದು 45ಕ್ಕೂ ಹೆಚ್ಚು ಅಶ್ವಶಕ್ತಿ. ಸವೆದ ಎಂಜಿನ್ ಅಷ್ಟನ್ನು ಎಲ್ಲಿಂದ ತರಬೇಕು? ಅದು ಉಸಿರು ಕಟ್ಟಿ ಕಪ್ಪು ಹೊಗೆ ಉಗುಳುತ್ತದೆ. ಆಗ ಗ್ಯಾರೇಜಿನಲ್ಲಿ ಕುಳಿತವರೆಲ್ಲ ತಲೆಯಾಡಿಸಿ, "ಎಂಜಿನ್ ಸಾಲದು" ಎಂದು ತೀರ್ಪು ಕೊಡುತ್ತಾರೆ. ಹೊರೆ ಹೆಚ್ಚಾಯಿತು ಎಂಬ ಮಾತು ಅಲ್ಲಿ ಯಾರ ಬಾಯಿಂದಲೂ ಹೊರಡುವುದಿಲ್ಲ.

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ನಿಮಗೆಲ್ಲ ಗೊತ್ತು. ಅಲ್ಲಿಗೆ ಹಳ್ಳಿಕಾರ್ ಜೋಡಿ ಕೊಳ್ಳಲು ಹೋಗುತ್ತಿದ್ದ ರೈತ ಎತ್ತಿನ ಹಲ್ಲು, ಸುಳಿ ನೋಡುವುದರ ಜೊತೆಗೆ ತನ್ನ ಗಾಡಿಯನ್ನೂ ನೆನೆಯುತ್ತಿದ್ದ. ಸಣ್ಣ ಗಾಡಿಗೆ ಆನೆಯಂಥ ಎತ್ತು ಕಟ್ಟಿ ಹೊರೆ ಏರಿಸಿದರೆ ಎತ್ತು ಎಳೆದೀತು, ಅಚ್ಚು ಮುರಿದೀತು ಎಂಬ ವಿವೇಕ ಅವನಿಗಿತ್ತು. ಇಳಿಜಾರಿನಲ್ಲಿ ನೊಗ ಎತ್ತಿನ ಕುತ್ತಿಗೆಗೆ ಬಂದು ಒತ್ತುವಾಗ ಹೊರೆಯ ನಿಜವಾದ ತೂಕ ತಿಳಿಯುತ್ತದೆ ಎಂಬುದೂ ಅವನಿಗೆ ಗೊತ್ತಿತ್ತು. ಆ ಅಕ್ಷರ ಕಲಿಯದ ರೈತನ ವಿವೇಕ ಗುಜರಿಯಲ್ಲಿ ಎಂಜಿನ್ ಹುಡುಕುವ ನಮ್ಮ ಕಾಲಕ್ಕೆ ಏಕಿಲ್ಲ?

ಪಿಕಪ್ಪಿನ ಅಚ್ಚೂ ಹಾಗೆಯೇ. ಎಂಜಿನ್ ಹುಟ್ಟಿಸುವ ತಿರುಚುಬಲ, ಅಂದರೆ ಟಾರ್ಕ್, ಕ್ಲಚ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಅದರ ಕ್ರಾಸುಗಳು, ಕ್ರೌನ್-ಪಿನಿಯನ್, ಕೊನೆಗೆ ಆಕ್ಸಲ್ ಇವುಗಳ ಮೂಲಕ ಚಕ್ರವನ್ನು ಮುಟ್ಟಬೇಕು. ಈ ಸರಪಳಿಯ ಒಂದೊಂದು ಕೊಂಡಿಯನ್ನೂ ಹಳೆಯ ಎಂಜಿನ್ನಿನ ಬಲಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ಎರಡು ಲೀಟರಿನ ಜಾಗದಲ್ಲಿ ಸುಮಾರು ಮೂರು ಲೀಟರಿನ ಎಂಜಿನ್ ಕೂರಿಸಿದರೆ ಅತ್ಯಂತ ದುರ್ಬಲವಾದ ಕೊಂಡಿ ಮೊದಲು ಕಳಚುತ್ತದೆ. ಆಮೇಲೆ ಅದಕ್ಕಿಂತ ತುಸು ಬಲವಾದದ್ದು. ದೊಡ್ಡ ಎಂಜಿನ್ನಿನ ತೂಕವೂ ಹೆಚ್ಚು. ಮುಂದಿನ ಕಮಾನುಪಟ್ಟಿ ಕುಸಿಯುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ, ಹಳೆಯ ರೇಡಿಯೇಟರ್ ಹೊಸ ಬಿಸಿಯನ್ನು ತಾಳಲಾರದೆ ಕುದಿಯುತ್ತದೆ. ಎಂಜಿನ್ ಕೂರಿಸಲು ಚಾಸಿಗೆ ಹಾಕಿದ ಬೆಸುಗೆ ಬಿರುಕು ಬಿಡುತ್ತದೆ. ಮೂವತ್ತು ದಿನ ಓಡಿಸಿ "ಚೆನ್ನಾಗಿದೆ" ಎನ್ನುವವರ ಮಾತನ್ನು ನಂಬಬೇಡಿ. ಲೋಹದ ದಣಿವು ಮೂವತ್ತು ದಿನದಲ್ಲಿ ಕಾಣುವಂಥದಲ್ಲ.

"ಟಾಟಾದವರೇ 207 ಡಿ.ಐ. ಗಾಡಿಯಲ್ಲಿ ಸುಮಾರು ಮೂರು ಲೀಟರಿನ ಎಂಜಿನ್ ಹಾಕಲಿಲ್ಲವೇ?" ಎಂದು ಒಬ್ಬ ಮೆಕ್ಯಾನಿಕ್ ನನಗೆ ಸವಾಲು ಹಾಕಿದ್ದುಂಟು. ಹಾಕಿದರು, ನಿಜ. ಆದರೆ ಕಾರ್ಖಾನೆ ಒಂದು ಎಂಜಿನ್ನನ್ನು ಹೊಸ ಗಾಡಿಯಲ್ಲಿ ಕೂರಿಸುವಾಗ ಅದಕ್ಕೆ ಹೊಂದುವಂತೆ ಇಡೀ ಗಾಡಿಯನ್ನು ಅಳೆಯುತ್ತದೆ. ಬ್ರೇಕಿನ ಪರೀಕ್ಷೆ, ಹೊಗೆಯ ಪರೀಕ್ಷೆ ಮಾಡಿಸಿ ಸರ್ಕಾರದ ಒಪ್ಪಿಗೆ ಪಡೆದ ಮೇಲೆಯೇ ಮಾರುತ್ತದೆ. ನಮ್ಮ ಮೆಕ್ಯಾನಿಕ್ಕಿನ ಬಳಿ ಕೈಚಳಕವಿದೆ, ಪರೀಕ್ಷೆಯ ಯಂತ್ರವಿಲ್ಲ. ಅವನ ಪರೀಕ್ಷೆಯೆಲ್ಲ ನಡೆಯುವುದು ನಮ್ಮ ರಸ್ತೆಯ ಮೇಲೆ, ನಮ್ಮ ನಡುವೆ.

ಇನ್ನು ನಿಲ್ಲಿಸುವ ಪ್ರಶ್ನೆ. ಹತ್ತನೆಯ ತರಗತಿ ಮುಗಿಸಿದ ಪ್ರತಿಯೊಬ್ಬನೂ ಚಲನಶಕ್ತಿಯ ಸೂತ್ರವನ್ನು ಒಮ್ಮೆಯಾದರೂ ಬಾಯಿಪಾಠ ಮಾಡಿರುತ್ತಾನೆ: ರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಬೇಕು. ಎರಡೂವರೆ ಟನ್ನಿನ ಗಾಡಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿದ್ದರೆ ಅದರಲ್ಲಿರುವ ಶಕ್ತಿ ಸುಮಾರು 2.4 ಲಕ್ಷ ಜೂಲ್. ಅದೇ ಗಾಡಿಗೆ ದೊಡ್ಡ ಎಂಜಿನ್ ಕೂರಿಸಿ, ನಾಲ್ಕು ಟನ್ ಮಾಡಿ, 70ರಲ್ಲಿ ಓಡಿಸಿದರೆ ಸುಮಾರು 7.5 ಲಕ್ಷ ಜೂಲ್. ಮೂರು ಪಟ್ಟಿಗೂ ಹೆಚ್ಚು! ನಿಲ್ಲಿಸುವಾಗ ಈ ಶಕ್ತಿಯೆಲ್ಲ ಬ್ರೇಕಿನಲ್ಲಿ ಬಿಸಿಯಾಗಿ ಹೊರಬರಬೇಕು. ಅಡುಗೆಮನೆಯ ಮಾತಿನಲ್ಲಿ ಹೇಳುವುದಾದರೆ, ಮೊದಲನೆಯದು ಮುಕ್ಕಾಲು ಲೀಟರ್ ತಣ್ಣೀರನ್ನು ಕುದಿಬರಿಸುವಷ್ಟು ಬಿಸಿ. ಎರಡನೆಯದು ಸುಮಾರು ಎರಡೂವರೆ ಲೀಟರನ್ನು ಕುದಿಬರಿಸುವಷ್ಟು. ಒಂದೇ ಒಂದು ಸಲ ಗಾಡಿ ನಿಲ್ಲಿಸುವುದಕ್ಕೆ ಇಷ್ಟು. ಗಾಡಿಯ ಬ್ರೇಕಿನ ಲೈನರ್ ಮಾತ್ರ ಅದೇ ಹಳೆಯದು. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ನಿಲ್ಲುತ್ತ, ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತ ಹೋದಂತೆ ಲೈನರ್ ಕಾದು ಹಿಡಿತ ಬಿಡುತ್ತದೆ. ಪೆಡಲ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಆ ಕ್ಷಣದಲ್ಲಿ ಚಾಲಕನಿಗೆ ಅಶ್ವಶಕ್ತಿ ಯಾವ ಉಪಯೋಗಕ್ಕೂ ಬಾರದು.

ಇದಕ್ಕೆ ಪ್ರತಿಯಾಗಿ ಒಂದು ಜಾಣವಾದವಿದೆ. ಬಲವಿದ್ದರೆ ಓವರ್‌ಟೇಕ್ ಬೇಗ ಮುಗಿಯುತ್ತದೆ, ಆದುದರಿಂದ ಬಲವೇ ಸುರಕ್ಷತೆ ಎಂದು. ಖಾಲಿ ಹೆದ್ದಾರಿಯಲ್ಲಿ, ಹೊಸ ಬ್ರೇಕಿರುವ ಕಾರಿಗೆ ಈ ಮಾತು ಸ್ವಲ್ಪ ಸಲ್ಲಬಹುದು. ಯಲಹಂಕದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ರಸ್ತೆಯಲ್ಲಿ ಹೊರೆ ಹೊತ್ತ ಪಿಕಪ್ಪು ಓವರ್‌ಟೇಕ್ ಮಾಡಲೇಬೇಕಾದ ಅಗತ್ಯವಾದರೂ ಏನು? ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿ ಚಾಲಕನ ಕಾಲು ಬ್ರೇಕಿನ ಮೇಲೆ ಬರುವ ಒಂದು ಸೆಕೆಂಡಿನಲ್ಲೇ ಗಾಡಿ 19 ಮೀಟರಿನಷ್ಟು ಮುಂದೆ ಹೋಗಿರುತ್ತದೆ. ನಮ್ಮ ಶಾಲೆಗಳ ಎದುರಿನ ರಸ್ತೆಗಳ ಅಗಲ ಎಷ್ಟೆಂದು ನೀವೇ ನೆನೆಸಿಕೊಳ್ಳಿ. 2003ರಲ್ಲಿ ಹೆಬ್ಬಾಳದ ಮೇಲ್ಸೇತುವೆ ಬಂತು, 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಬಂತು. ಅಂದಿನಿಂದ ಉತ್ತರ ಬೆಂಗಳೂರಿನ ರಸ್ತೆಗಳ ವೇಗವೇ ಬೇರೆಯಾಯಿತು. ಪಕ್ಕದ ಹಳ್ಳಿಗಳ ಮುದುಕರೂ ಮಕ್ಕಳೂ ರಸ್ತೆ ದಾಟುವ ವೇಗ ಮಾತ್ರ ಹಿಂದೆ ಇದ್ದಷ್ಟೇ ಇದೆ.

ಕಾನೂನು ಏನು ಹೇಳುತ್ತದೆ ಎಂಬುದನ್ನೂ ತಿಳಿದಿರಬೇಕು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ವಾಹನದ ಮಾರ್ಪಾಟಿಗೆ ಸಂಬಂಧಿಸಿದ್ದು. 2000ದ ತಿದ್ದುಪಡಿಯ ನಂತರ, ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿ 9ರಂದು ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182-ಎ ಎಂಬ ಕಲಮು ಸೇರಿತು. ಅನುಮತಿಯಿಲ್ಲದ ರೀತಿಯಲ್ಲಿ ಬಿಡಿಭಾಗಗಳನ್ನು ಅಳವಡಿಸಿ ವಾಹನವನ್ನು ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಪ್ರತಿಯೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಎಂಜಿನ್ ಕೆಟ್ಟರೆ ಅದೇ ತಯಾರಿಕೆಯ, ಅದೇ ಬಗೆಯ ಎಂಜಿನ್ನನ್ನು ಆರ್.ಟಿ.ಓ. ಅನುಮೋದನೆ ಪಡೆದು ಹಾಕಿಸಿಕೊಳ್ಳಬಹುದು. ಹೊಸ ಎಂಜಿನ್ ಸಂಖ್ಯೆಯನ್ನು ಆರ್.ಸಿ.ಯಲ್ಲಿ ದಾಖಲಿಸಬೇಕು. ಕೆಎ-04 ಫಲಕದವರಿಗೆ ಯಶವಂತಪುರ, ಕೆಎ-50ರವರಿಗೆ ಯಲಹಂಕ ಕಚೇರಿ. ಅನಿಲಕ್ಕೋ ಬ್ಯಾಟರಿಗೋ ಬದಲಾಯಿಸುವವರಿಗೆ ಒಪ್ಪಿತ ಕಿಟ್‌ಗಳ ಮೂಲಕ ಬೇರೆ ದಾರಿಯಿದೆ. ಬಲ ಹೆಚ್ಚಿಸಲೆಂದು ಬೇರೆ ಗಾಡಿಯ ಎಂಜಿನ್ ಕೂರಿಸುವುದಕ್ಕೆ ಮಾತ್ರ ದಾರಿಯಿಲ್ಲ.

ಎಂಜಿನ್ ಸಂಖ್ಯೆಯ ವಿಷಯ ಕಾಗದದ ಕಾಟವೆಂದು ಕೆಲವರು ತಿಳಿಯುತ್ತಾರೆ. ಗುಜರಿಯಿಂದ ತಂದ ಎಂಜಿನ್ನಿನ ಪೂರ್ವಾಪರ ನಿಮಗೆ ಗೊತ್ತೇ? ಅದು ಕದ್ದ ಗಾಡಿಯದಾಗಿದ್ದರೆ ಠಾಣೆಯ ಮೆಟ್ಟಿಲು ಹತ್ತುವವನು ಮಾರಿದವನಲ್ಲ, ಸಿಕ್ಕಿಕೊಂಡವನು. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ವರ್ಷವರ್ಷವೂ ಎಫ್.ಸಿ. ಆಗಬೇಕು. ವರ್ಷವರ್ಷವೂ ಬೇರೆ ಸಂಖ್ಯೆಯ ಎಂಜಿನ್ನನ್ನು ಮುಚ್ಚಿಡುವುದಕ್ಕೆ ಯಾರಯಾರ ಕೈ ಬಿಸಿ ಮಾಡುತ್ತೀರಿ? ಅಪಘಾತವಾದರೆ ವಿಮೆಯವರು ಮೊದಲು ಕೇಳುವುದೇ ದಾಖಲೆಯನ್ನು. ತಿಳಿಸದೆ ಮಾಡಿದ ಮಾರ್ಪಾಟು ಅವರ ಕೈಗೆ ನಾವೇ ಕೊಟ್ಟ ಆಯುಧ. ಪರಿಹಾರದ ಹೊರೆ ಮಾಲೀಕನ ತಲೆಯ ಮೇಲೆ ಬಿದ್ದರೆ ಹತ್ತು ವರ್ಷ ದುಡಿದದ್ದು ಒಂದು ದಿನಕ್ಕೆ ಸಾಲದು.

"ಕಾನೂನು ಬಡವನಿಗೆ ಮಾತ್ರ" ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಅದರಲ್ಲಿ ಹುರುಳಿದೆ. ಹೊಸ ಕಾರಿನ ಕಂಪ್ಯೂಟರಿಗೆ ಬೇರೆ ಲೆಕ್ಕ ತುಂಬಿಸಿ ಬಲ ಹೆಚ್ಚಿಸಿಕೊಂಡು ಭಾನುವಾರ ಬೆಳಿಗ್ಗೆ ನಂದಿಬೆಟ್ಟದ ದಾರಿಯಲ್ಲಿ ಅಬ್ಬರಿಸುವ ಶ್ರೀಮಂತರ ಮಕ್ಕಳನ್ನು ಹಿಡಿಯುವುದು ಕಷ್ಟ, ಏಕೆಂದರೆ ಆ ಮಾರ್ಪಾಟು ಬಾನೆಟ್ ಎತ್ತಿದರೂ ಕಾಣುವುದಿಲ್ಲ. ಬಡವನ ಪಿಕಪ್ಪಿನಲ್ಲಿ ಬೆಸುಗೆಯೂ ಕಾಣುತ್ತದೆ, ಹೊಗೆಯೂ ಕಾಣುತ್ತದೆ. ಆದರೆ ಅನ್ಯಾಯಕ್ಕೆ ಪರಿಹಾರ ಎರಡನ್ನೂ ಬಿಡುವುದಲ್ಲ, ಎರಡನ್ನೂ ಹಿಡಿಯುವುದು. ಬ್ರೇಕಿಗೂ ಭೌತಶಾಸ್ತ್ರಕ್ಕೂ ಬಡವ ಬಲ್ಲಿದರೆಂಬ ಭೇದ ತಿಳಿಯದು.

ಈಗ ಜ್ವರದ ಮೂಲಕ್ಕೆ ಬರುತ್ತೇನೆ. ನನ್ನ ನಿಜವಾದ ಜಗಳ ಇರುವುದು ಗಾಡಿಯವನ ಮೇಲಲ್ಲ, ಗಾಡಿ ತುಂಬಿಸುವವರ ಮೇಲೆ. ಬಾಡಿಗೆ ಇರುವುದು ಟ್ರಿಪ್ಪಿಗೆ ಇಷ್ಟೆಂದು, ಟನ್ನಿಗೆ ಇಷ್ಟೆಂದಲ್ಲ. ಅದೇ ಬಾಡಿಗೆಯಲ್ಲಿ ಎಷ್ಟು ಮೂಟೆ ಹೆಚ್ಚು ಏರಿದರೆ ಅಷ್ಟು ವರ್ತಕನಿಗೆ ಉಳಿತಾಯ. ಗಾಡಿಯವನು ಇಪ್ಪತ್ತು ಮೂಟೆಗೆ ಸಾಕೆಂದರೆ, "ಐವತ್ತು ಹಾಕಿಕೊಂಡು ಹೋಗುವವರು ಗೇಟಿನಾಚೆ ಕಾಯುತ್ತಿದ್ದಾರೆ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಸಾಲದ ಕಂತು ಕಟ್ಟಬೇಕಾದವನು ಏನು ಮಾಡಬೇಕು? ಮೂಟೆ ಏರಿಸಿಕೊಳ್ಳುತ್ತಾನೆ. ಕಮಾನಿಗೆ ಇನ್ನೆರಡು ಪಟ್ಟಿ ಸೇರಿಸುತ್ತಾನೆ. ಟಯರಿಗೆ ಗಾಳಿ ಹೆಚ್ಚು ತುಂಬಿಸುತ್ತಾನೆ. ಕೊನೆಗೆ ಎಂಜಿನ್ ಬದಲಾಯಿಸುತ್ತಾನೆ. ಈ ಒಂದೊಂದು ಹೆಜ್ಜೆಯ ಖರ್ಚೂ ಅವನದು, ಲಾಭ ವರ್ತಕನದು, ಅಪಾಯ ಊರಿನದು. ಹೊಸ ಎಂಜಿನ್ ಬಂದೊಡನೆ ವರ್ತಕ ಸಂತೋಷಪಟ್ಟು ಬಾಡಿಗೆ ಹೆಚ್ಚಿಸುತ್ತಾನೆಯೇ? ಇಲ್ಲ, ಇನ್ನೂ ಹತ್ತು ಮೂಟೆ ಏರಿಸುತ್ತಾನೆ. ಹೀಗಾಗಿ ಬಲ ಹೆಚ್ಚಿಸಿದವನು ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತಾನೆ, ಆದರೆ ಈಗ ಸಾಲ ದೊಡ್ಡದಾಗಿರುತ್ತದೆ.

ಕಾನೂನಿನಲ್ಲಿ ಇದಕ್ಕೂ ಮದ್ದಿದೆ ಎಂಬುದು ಬಹಳ ಜನರಿಗೆ ತಿಳಿಯದು. ಅಧಿಕ ಹೊರೆಗೆ ಸಂಬಂಧಿಸಿದ 194ನೆಯ ಕಲಮು ಚಾಲಕನನ್ನು ಮಾತ್ರ ಹೊಣೆ ಮಾಡುವುದಿಲ್ಲ. ಹಾಗೆ ಓಡಿಸುವಂತೆ ಮಾಡಿದವರನ್ನೂ, ಓಡಿಸಲು ಬಿಟ್ಟವರನ್ನೂ ಅದು ಹಿಡಿಯುತ್ತದೆ. 2019ರ ತಿದ್ದುಪಡಿಯ ಪ್ರಕಾರ ಕೇಂದ್ರ ಕಾಯಿದೆಯಲ್ಲಿರುವ ದಂಡ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಟನ್ನೊಂದಕ್ಕೆ 2,000 ರೂಪಾಯಿ. ಹೆಚ್ಚಿನ ಹೊರೆಯನ್ನು ಇಳಿಸುವ ಖರ್ಚು ಬೇರೆ. ಆದರೆ ರಸ್ತೆಯಲ್ಲಿ ಕೈ ಅಡ್ಡ ಮಾಡಿ ಹಿಡಿಯುವುದು ಸ್ಟೇರಿಂಗಿನ ಹಿಂದಿರುವವನನ್ನು. ಮೂಟೆ ಏರಿಸಿದ ಗಲ್ಲಾಪೆಟ್ಟಿಗೆಯವರೆಗೆ ಆ ಕೈ ಹೋಗಬೇಡವೇ? ಯಾರ್ಡಿನ ಗೇಟಿನಲ್ಲೇ ಗಾಡಿಯನ್ನು ತೂಗಿ, ಆರ್.ಸಿ.ಯಲ್ಲಿರುವ ತೂಕ ಮೀರಿದರೆ ಹೊರಗೆ ಬಿಡದಿದ್ದರೆ ಅರ್ಧ ರೋಗ ಅಂದೇ ವಾಸಿಯಾಗುತ್ತದೆ. ಎಲ್ಲರಿಗೂ ಒಂದೇ ನಿಯಮವಾದಾಗ ಐವತ್ತು ಮೂಟೆಯವನು ಗೇಟಿನಾಚೆ ಕಾಯುವುದಿಲ್ಲ, ಇಪ್ಪತ್ತು ಮೂಟೆಯವನಿಗೆ ಬಾಡಿಗೆ ತಪ್ಪುವುದಿಲ್ಲ.

ಹೊರೆಗೆ ತಕ್ಕ ಗಾಡಿ ಎಂಬ ತತ್ತ್ವ ವ್ಯಾಪಾರಕ್ಕೆ ನಷ್ಟವೆಂದು ಹೇಳುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. 2005ರಲ್ಲಿ ಟಾಟಾ ಏಸ್ ಬಂದಾಗ ಅದರಲ್ಲಿದ್ದದ್ದು ಎರಡು ಸಿಲಿಂಡರಿನ, 702 ಸಿ.ಸಿ.ಯ, ಕೇವಲ 16 ಅಶ್ವಶಕ್ತಿಯ ಎಂಜಿನ್. ಮುಕ್ಕಾಲು ಟನ್ ಹೊರೆಗೆಂದು ಮಾಡಿದ ಗಾಡಿ. ಅದು ಅಶ್ವಶಕ್ತಿಯಲ್ಲಿ ಗೆಲ್ಲಲಿಲ್ಲ, ಅಳತೆಯಲ್ಲಿ ಗೆದ್ದಿತು. ನಮ್ಮ ಸಂದುಗೊಂದುಗಳಿಗೆ, ನಮ್ಮ ಅಂಗಡಿಗಳ ಸರಕಿಗೆ ಅದು ಹೊಂದಿತು. ನನ್ನ ಶಿಷ್ಯರಲ್ಲೇ ಆ ಪುಟ್ಟ ಗಾಡಿಯಿಂದ ಮನೆ ಕಟ್ಟಿಸಿದವರಿದ್ದಾರೆ. ಹೊರೆ ಎರಡೂವರೆ ಟನ್ ಇದ್ದರೆ ಎರಡೂವರೆ ಟನ್ನಿನ ಗಾಡಿ ಕೊಳ್ಳಿ, ಇಲ್ಲವೇ ಬಾಡಿಗೆಗೆ ತನ್ನಿ, ಇಲ್ಲವೇ ಎರಡು ಟ್ರಿಪ್ ಹೊಡೆದು ಎರಡು ಬಾಡಿಗೆ ಕೇಳಿ. ಒಂದು ಟನ್ನಿನ ಗಾಡಿಯ ಹೊಟ್ಟೆಗೆ ಎರಡೂವರೆ ಟನ್ನಿನ ಎದೆ ಹೊಲಿಯುವ ಕೆಲಸ ಮಾತ್ರ ಬೇಡ.

ಸರ್ಕಾರದವರಿಗೂ ಒಂದು ಮಾತು. 2021ರಲ್ಲಿ ಹಳೆಯ ವಾಹನಗಳನ್ನು ಗುಜರಿಗೆ ಹಾಕುವ ನೀತಿ ಬಂತು. ಯೋಗ್ಯತೆಯ ಪರೀಕ್ಷೆ ಕಟ್ಟುನಿಟ್ಟಾಗಲಿ, ಬೇಡವೆನ್ನುವುದಿಲ್ಲ. ಆದರೆ ಗಾಡಿಯೊಂದನ್ನೇ ನಂಬಿದವನಿಗೆ, ಅದೇ ಬಗೆಯ ಎಂಜಿನ್ನನ್ನು ಸಕ್ರಮವಾಗಿ ಬದಲಾಯಿಸುವ ದಾರಿ ಅಕ್ರಮ ದಾರಿಗಿಂತ ಸುಲಭವಾಗಿರಬೇಕು. ಅರ್ಜಿಯ ನಮೂನೆ ಕನ್ನಡದಲ್ಲಿರಲಿ. ಕಚೇರಿಗೆ ಎಷ್ಟು ಸಲ ಬರಬೇಕು, ಎಷ್ಟು ಶುಲ್ಕ, ಎಷ್ಟು ದಿನ ಎಂಬುದು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರಲಿ. ಸಕ್ರಮದ ಬಾಗಿಲ ಮುಂದೆ ಮಧ್ಯವರ್ತಿ ನಿಂತಿದ್ದರೆ ಜನ ಗುಜರಿಯ ಬಾಗಿಲಿಗೇ ಹೋಗುತ್ತಾರೆ.

ಗ್ಯಾರೇಜು ಇಟ್ಟಿರುವ ಶಿಷ್ಯರಲ್ಲಿ ನನ್ನ ವಿನಂತಿ ಇದು. ಗಿರಾಕಿ ಬಂದು ದೊಡ್ಡ ಎಂಜಿನ್ ಕೂರಿಸೆಂದರೆ, ಮೊದಲು ಅವನ ಗಾಡಿಯ ಕಂಪ್ರೆಶನ್ ನೋಡಿ, ನಾಝಲ್ ಬಿಚ್ಚಿಸಿ ನೋಡಿ, ಬ್ರೇಕಿನ ಲೈನರ್ ತೆಗೆದು ಅವನ ಕೈಗೇ ಕೊಟ್ಟು ತೋರಿಸಿ. "ಇದರಿಂದ ಎಷ್ಟು ತೂಕ ನಿಲ್ಲಿಸುತ್ತೀಯೋ ಅಷ್ಟೇ ತೂಕ ಏರಿಸಪ್ಪ" ಎಂದು ಹೇಳಿ. ವೈದ್ಯನಂತೆ ಮೆಕ್ಯಾನಿಕ್ಕಿಗೂ 'ಬೇಡ' ಎನ್ನುವ ಅಧಿಕಾರವಿದೆ. ಆ ಅಧಿಕಾರವನ್ನು ಚಲಾಯಿಸದವನ ಕೈಚಳಕಕ್ಕೆ ನಾನು ಕೈಮುಗಿಯಲಾರೆ.

ಅಂಗಡಿ, ಮಂಡಿ ಇಟ್ಟಿರುವ ಶಿಷ್ಯರೂ ಬಂಧುಗಳೂ ಇದನ್ನು ಓದುತ್ತಿದ್ದೀರಿ ಎಂಬುದು ನನಗೆ ಗೊತ್ತು. ನಿಮ್ಮಲ್ಲಿ ನನ್ನದು ವಿನಂತಿಯಲ್ಲ, ಆಗ್ರಹ. ನಾಳೆ ಸರಕು ತರಲು ಬಂದ ಗಾಡಿಯ ಆರ್.ಸಿ.ಯನ್ನು ಒಮ್ಮೆ ಕೇಳಿ ನೋಡಿ. ಅದರಲ್ಲಿ ಬರೆದಿರುವ ತೂಕದಲ್ಲಿ ಗಾಡಿಯ ಸ್ವಂತ ತೂಕ ಕಳೆದರೆ ಉಳಿಯುವುದೇ ನಿಮ್ಮ ಪಾಲು. ನಾಲ್ಕನೆಯ ತರಗತಿಯ ವ್ಯವಕಲನ ಅಷ್ಟೇ. ಅದಕ್ಕಿಂತ ಒಂದು ಮೂಟೆ ಹೆಚ್ಚು ಏರಿಸಿದರೂ ಆ ಮೂಟೆಯ ಬಾಡಿಗೆಯನ್ನು ಯಾರೋ ಬೇರೆಯವರು, ಬೇರೆ ರೀತಿಯಲ್ಲಿ ಕೊಡಬೇಕಾಗುತ್ತದೆ ಎಂಬುದನ್ನು ತಿಳಿದು ಏರಿಸಿ.

ನಿಮ್ಮ ಮೇಷ್ಟ್ರು